ಕೆನೆ ಕಟ್ಟಿದ ಟೀ

ಮಾಚೇನಹಳ್ಳಿಯ ಆ ಗಿಯರ್ ಕಾರ್ಖಾನೆಯಲ್ಲಿ ಯಾರ ಮನೆಯಲ್ಲಿ ಜಗಳ, ಯಾರಿಗೆ ಹಲ್ಲುನೋವು, ಯಾರು ರಜೆಗೆಂದು ಸುಳ್ಳು ಹೊಸೆಯುತ್ತಿದ್ದಾರೆ ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದುದು ಕ್ಯಾಂಟೀನಿನ ಚೌಡಮ್ಮನಿಗೆ. ಅವಳು ಚಾಡಿ ಕೇಳುವ ಹೆಂಗಸಲ್ಲ. ಭದ್ರಾವತಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಬಂದು ನೂರಿಪ್ಪತ್ತು ಜನಕ್ಕೆ ಟೀ ಕೊಡುವವಳು. ಹದಿನೆಂಟು ವರ್ಷ ಒಬ್ಬೊಬ್ಬರು ಲೋಟ ಹಿಡಿಯುವುದನ್ನು ಕಂಡವಳಿಗೆ ಅವರ ಬಾಯಿಯ ಮಾತು ಯಾಕೆ ಬೇಕು? ಸ್ಟೋರಿನ ಗುಮಾಸ್ತ ದಿನವೂ ಲೋಟ ತಿರುಗಿಸುತ್ತ ಕೂರುತ್ತಿದ್ದ; ಅದು ಅವನ ಚಾಳಿ, ಅದಕ್ಕೆ ಅರ್ಥವಿಲ್ಲ. ಆದರೆ ಎಂದೂ ತಿರುಗಿಸದವನು ಒಂದು ದಿನ ತಿರುಗಿಸಿದನೋ, ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಎಚ್.ಆರ್. ಮ್ಯಾನೇಜರ್ ಹರಿಪ್ರಸಾದನ ಟೀ ಕುಡಿಯುವ ಪರಿಯೇ ಬೇರೆ. ಚೌಡಮ್ಮ ಲೋಟ ಇಟ್ಟು ಬಾಗಿಲು ದಾಟುವುದರೊಳಗೆ ‘ಸ್ಸ್’ ಎಂದು ನಾಲಿಗೆ ಸುಟ್ಟುಕೊಂಡು ಮುಗಿಸಿಬಿಡುತ್ತಿದ್ದ. ಗೋಪಾಳದಿಂದ ಕಾರಿನಲ್ಲಿ ಬರುವ ಈ ಮನುಷ್ಯ ಕೆಟ್ಟವನಲ್ಲ, ಓದಿದ್ದು ಸ್ವಲ್ಪ ಹೆಚ್ಚಾಗಿತ್ತು ಅಷ್ಟೆ. ಹೋದ ತಿಂಗಳು ಬೆಂಗಳೂರಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ, ಮನುಷ್ಯನ ಮೈ ಹೇಳುವ ಭಾಷೆಯನ್ನು ಅರೆದು ಕುಡಿದು ಬಂದಿದ್ದ. ಗೋಡೆಗೆ ಒಂದು ಚಿತ್ರಪಟವೂ ಬಂತು. ಕೈ ಕಟ್ಟಿದರೆ ಮನಸ್ಸು ಮುಚ್ಚಿದೆ. ಕಣ್ಣು ತಪ್ಪಿಸಿದರೆ ಮುಚ್ಚಿಡುತ್ತಿದ್ದಾನೆ. ದನಿ ಏರಿದರೆ ದಾಳಿಗೆ ನಿಂತಿದ್ದಾನೆ.

ಅದೇ ವಾರ ನೋಟಿಸೂ ಬಿತ್ತು: ಮುಂದಿನ ಒಂದನೇ ತಾರೀಕಿನಿಂದ ಕ್ಯಾಂಟೀನ್ ಹೊರಗಿನ ಗುತ್ತಿಗೆ ಕಂಪನಿಗೆ. ಒಲೆಯ ಮುಂದೆ ಬೆಂದ ಏಳು ಹೆಂಗಸರೂ ಮನೆಗೆ. ಪಟ್ಟಿಯಲ್ಲಿ ಮೊದಲ ಹೆಸರೇ ಚೌಡಮ್ಮನದು.

ಸಂಘದ ಕಾರ್ಯದರ್ಶಿ ವೀರಪ್ಪ ಇಬ್ಬರನ್ನು ಕಟ್ಟಿಕೊಂಡು ಮಾತುಕತೆಗೆ ಹೋದ. ಮೂವರೂ ಕುಲುಮೆಯ ಕಡೆಯಿಂದ ಬೆವರಿಗೆ ಅಂಗಿ ಅಂಟಿಸಿಕೊಂಡು ಎದ್ದು ಬಂದವರು. ಎ.ಸಿ. ಕೋಣೆಯಲ್ಲಿ ಕೂತ ಗಳಿಗೆಯಲ್ಲೇ ಚಳಿ ಹತ್ತಿ ಕೈ ಕಟ್ಟಿದರು. ಹರಿಪ್ರಸಾದ ಪುಸ್ತಕದಲ್ಲಿ ಏನೋ ಗೀಚಿದ. ಇಪ್ಪತ್ತು ವರ್ಷ ಸುತ್ತಿಗೆ ಯಂತ್ರದ ಸದ್ದಿಗೆ ಕಿವಿ ಮಂದವಾಗಿದ್ದ ವೀರಪ್ಪ ಮಾತೆತ್ತಿದರೆ ಕಿಟಕಿ ಅದುರುತ್ತಿತ್ತು. ಹರಿಪ್ರಸಾದ ಮತ್ತೆ ಗೀಚಿದ. ಎದುರಿನವರಂತೆಯೇ ಕೂತರೆ ವಿಶ್ವಾಸ ಹುಟ್ಟುತ್ತದೆಂದು ಬೆಂಗಳೂರಿನಲ್ಲಿ ಹೇಳಿಕೊಟ್ಟಿದ್ದರಂತೆ. ವೀರಪ್ಪ ಕಿವಿ ಕೆರೆದರೆ ಇವನೂ ಕಿವಿ ಕೆರೆದ. ವೀರಪ್ಪ ಮೀಸೆ ತೀಡಿದರೆ ಮೀಸೆಯೇ ಇಲ್ಲದ ಇವನು ಬರಿ ತುಟಿ ತೀಡಿಕೊಂಡ.

“ಏನ್ ಸಾರ್, ಅಣಕ ಮಾಡ್ತೀರಾ?” ವೀರಪ್ಪ ಎದ್ದು ನಿಂತ.

“ನೋಡಿ, ನೀವು ಬರೋವಾಗ್ಲೇ ಮನಸ್ಸು ಮುಚ್ಕೊಂಡು ಬಂದಿದೀರಿ,” ಎಂದ ಹರಿಪ್ರಸಾದ. “ಏಳು ಜನರಲ್ಲಿ ಮೂವರನ್ನ ಕಸ ಗುಡಿಸೋಕೆ ಇಟ್ಕೋತೀವಿ. ಒಪ್ಪಿದ್ರೆ ನಾಳೆ ಸಹಿ ಹಾಕಿ.”

ಲೋಟ ಎತ್ತಲು ಹೋದ ಚೌಡಮ್ಮ ಕಂಡದ್ದು ಬೇರೆ. ಮೂವರ ಲೋಟ ಖಾಲಿ. ಹರಿಪ್ರಸಾದನ ಟೀ ಹಾಗೇ ಇತ್ತು, ಮೇಲೆ ದಪ್ಪ ಕೆನೆ.

ಕ್ಯಾಂಟೀನಿನಲ್ಲಿ ವೀರಪ್ಪ ಬೆಂಚಿನ ಮೇಲೆ ಕುಕ್ಕರಿಸಿದ್ದ. “ಮೂವರಾದ್ರೂ ಉಳೀಲಿ ಚೌಡಕ್ಕ. ಏನ್ ಮಾಡೋದು?”

“ಸಹಿ ಗಿಹಿ ಹಾಕ್ಬೇಡ. ಆ ಮನುಷ್ಯನ ಮನಸ್ಸಲ್ಲೇ ಇದಿನ್ನೂ ತೀರ್ಮಾನ ಆಗಿಲ್ಲ.”

“ಯಾರು ಹೇಳಿದ್ರು?”

“ಅವನ ಟೀ.”

“ಥೂ ನಿನ್ನ! ಕೆನೆ ನೋಡ್ಕೊಂಡು ಸಂಘ ನಡೆಸಕ್ಕಾಗ್ತದಾ?”

ಚಪಾತಿ ಲಟ್ಟಿಸುತ್ತಿದ್ದ ಕುಲ್ಸುಂ ತಲೆಯೆತ್ತಿದಳು. ಪಟ್ಟಿಯಲ್ಲಿ ಎರಡನೇ ಹೆಸರು ಅವಳದು. “ಅಲ್ಲಾ ಚೌಡಕ್ಕಾ, ಅವ್ರಿಗೆ ಗ್ಯಾಸ್ ಆಗಿದ್ರೆ? ನಮ್ಮ ಯಜಮಾನ್ರಿಗೆ ಹೊಟ್ಟೆ ಉಬ್ಬಿದ್ರೆ ಟೀ ಕಂಡ್ರೇ ಆಗಲ್ಲ.”

ಚೌಡಮ್ಮ ಸೌಟು ಕೆಳಗಿಟ್ಟಳು. “ಅದೂ ಸರಿ ಮಾರಾಯ್ತಿ. ಪರೀಕ್ಷೆ ಮಾಡೇ ಬಿಡೋಣ.”

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಾಯಿ ಬಿಚ್ಚದೆ ಟೀ ಇಟ್ಟು ಬಂದಳು. ಬಾಗಿಲಲ್ಲೇ ‘ಸ್ಸ್’ ಕೇಳಿತು. ಅವನ ಹೊಟ್ಟೆಗೇನೂ ಆಗಿಲ್ಲ ಎಂದಾಯಿತು. ಹನ್ನೆರಡಕ್ಕೆ ಮತ್ತೆ ಹೋದಳು. ಈ ಸಲ ಅವನು ಲೋಟ ತುಟಿಯ ಬಳಿ ತಂದಾಗ ಕೇಳಿದಳು: “ಸಾರ್, ಒಂದನೇ ತಾರೀಕು ಹೊಸಬ್ರು ಬರ್ತಾರಲ್ಲ, ದೊಡ್ಡ ಪಾತ್ರೆ ಎಲ್ಲ ತಿಕ್ಕಿ ಯಾವತ್ತು ಒಪ್ಪಿಸ್ಲಿ?”

ಲೋಟ ಅಲ್ಲೇ ನಿಂತಿತು. ನಿಧಾನವಾಗಿ ಮೇಜಿಗೆ ಇಳಿಯಿತು. “ಅದು... ಆಮೇಲೆ ಹೇಳ್ತೀನಿ, ಚೌಡಮ್ಮಾ.”

ಅರ್ಧ ಗಂಟೆ ಬಿಟ್ಟು ಹೋದರೆ ಕೆನೆ ಕಟ್ಟಿತ್ತು.

“ಬಾ ವೀರಪ್ಪಾ, ಈಗ ಕೇಳು,” ಎಂದಳು ಬಂದು. “ಆದ್ರೆ ಆ ಐಸ್ ಪೆಟ್ಟಿಗೆಯೊಳಗೆ ಬೇಡ. ಇಲ್ಲಿಗೇ ಕರ್ಕೊಂಡ್ ಬಾ.”

ಮೂರು ಗಂಟೆಗೆ ಹರಿಪ್ರಸಾದ ಕ್ಯಾಂಟೀನಿಗೆ ಬಂದ. ದೊಡ್ಡ ಒಲೆಗಳು ಉರಿಯುತ್ತಿದ್ದವು. ಐದು ನಿಮಿಷದಲ್ಲಿ ಟೈ ಸಡಿಲಾಯಿತು. ಎದುರಿಗೆ ಮೂವರೂ ಕೈ ಬಿಚ್ಚಿ ಮೊಣಕಾಲ ಮೇಲಿಟ್ಟು ಆರಾಮಾಗಿ ಕೂತಿದ್ದರು.

“ಇವತ್ತು ನೀವೆಲ್ಲ ಮುಕ್ತವಾಗಿದೀರಿ,” ಎಂದ ಅವನು, ಆಶ್ಚರ್ಯದಿಂದ.

“ಇವತ್ತು ಬೆಚ್ಚಗಿದೀವಿ ಸಾರ್!” ಎಂದ ವೀರಪ್ಪ. “ನಿಮ್ ರೂಮಲ್ಲಿ ಹಲ್ಲು ಕಟಕಟ ಅಂತಿತ್ತು.”

ಹರಿಪ್ರಸಾದನ ಕಿವಿ ಕೆಂಪಾಯಿತು. ಕುಲ್ಸುಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಏಳು ಹೆಂಗಸರೂ ನಕ್ಕರು, ಕೊನೆಗೆ ಅವನೂ ನಕ್ಕ. ನಿನ್ನೆ ಬರೆದುಕೊಂಡ ಹಾಳೆಯನ್ನು ಮಡಿಸಿ ಜೇಬಿಗೆ ತುರುಕಿದ.

ಗಾಳಿ ಬಂದಾಗ ತೂರಿಕೊಳ್ಳಬೇಕು. ವೀರಪ್ಪ ನೇರ ಕೇಳಿದ: “ಗುತ್ತಿಗೆ ಕಂಪನಿ ಜೊತೆ ಸಹಿ ಆಗಿದೆಯೋ ಇಲ್ವೋ, ಅಷ್ಟು ಹೇಳಿ ಸಾಕು.”

ಹರಿಪ್ರಸಾದ ಒಲೆ ನೋಡಿದ, ಬಾಗಿಲು ನೋಡಿದ. “ಆಗಿಲ್ಲ. ಕಾರ್ಮಿಕರು ಗಲಾಟೆ ಮಾಡಲ್ಲ ಅಂದ್ರೆ ಮಾತ್ರ ಮಾಡೋಣ ಅಂತ ಮಾಲೀಕರು ಹೇಳಿದಾರೆ. ನಿಜ ಹೇಳ್ಬೇಕಂದ್ರೆ ನನಗೂ ಇದು ಸರಿ ಕಾಣಲ್ಲ.”

“ಹಾಗಾದ್ರೆ ಇದನ್ನೂ ಬರ್ಕೊಳ್ಳಿ,” ಎಂದು ವೀರಪ್ಪ ಕಿಟಕಿ ಅದುರಿಸಿದ. “ಈ ಏಳು ಜನ ಹೊರಗೆ ಹೋದ ದಿನ ನೂರಿಪ್ಪತ್ತು ಜನಾನೂ ಗೇಟಿನ ಹೊರಗೆ ಕೂರ್ತೀವಿ. ಗಲಾಟೆ ಆಗ್ತದೆ, ಚೆನ್ನಾಗಿಯೇ ಆಗ್ತದೆ!”

ಹರಿಪ್ರಸಾದ ಅಲ್ಲೇ ಹೊರಗೆ ಹೋಗಿ ಮಾಲೀಕರಿಗೆ ಫೋನು ಮಾಡಿದ. ಅವನು ಓಡಾಡುತ್ತ ಮಾತಾಡುವುದನ್ನು ಎಲ್ಲರೂ ಕಿಟಕಿಯಿಂದ ನೋಡಿದರು. ಕುಲ್ಸುಂ ಪಿಸುಗುಟ್ಟಿದಳು: “ನೀನೇ ಹೇಳಕ್ಕಾ, ಏನಾಯ್ತು?”

“ನಂಗೇನ್ ಗೊತ್ತು? ಅವ್ನು ಫೋನಲ್ಲಿ ಮಾತಾಡೋದನ್ನ ನಾನು ಇವತ್ತೇ ನೋಡ್ತಿರೋದು.”

ಹತ್ತು ನಿಮಿಷಕ್ಕೆ ಅವನು ಬಾಗಿಲಲ್ಲಿ ನಿಂತು, ಅಗಲವಾಗಿ ನಕ್ಕು, ಹೌದೆಂದು ತಲೆಯಾಡಿಸಿದ. ಕ್ಯಾಂಟೀನು ಕೂಗಿಕೊಂಡಿತು. ಯಾರೋ ತಟ್ಟೆ ಬಡಿದರು. ವೀರಪ್ಪ ಹೋಗಿ ಅವನ ಕೈ ಹಿಡಿದು ಕುಲುಕಿದ.

ಚೌಡಮ್ಮ ಮಾತ್ರ ಜಾಗ ಬಿಟ್ಟು ಅಲುಗಲಿಲ್ಲ.

“ಸಾರ್, ತಲೆಯಾಡಿಸಿದ್ದು ಕಂಡೆ. ಕಾಗದ ಎಲ್ಲಿ?”

“ಅಯ್ಯೋ ಚೌಡಮ್ಮಾ, ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗ್ತದೆ ಸಾರ್, ಖುಷೀಲಿದೀರಿ. ನಾಳೆ ನಿಮ್ಮನ್ನ ಬೇರೆ ಊರಿಗೆ ಹಾಕಿದ್ರೆ ನಿಮ್ ಮುಖಾನ ಎಲ್ಲಿ ಹುಡುಕ್ಲಿ? ನೋಟಿಸು ಬರೆದು ಅಂಟಿಸಿದ್ರಲ್ಲ, ವಾಪಸ್ ತಗೊಂಡಿದ್ದನ್ನೂ ಬರೀರಿ. ಏಳು ಹೆಸರೂ ಇರ್ಲಿ.”

ಹರಿಪ್ರಸಾದ ಚಪಾತಿ ಹಿಟ್ಟು ಚೆಲ್ಲಿದ್ದ ಮೇಜಿನ ಮುಂದೆಯೇ ಕೂತು ಬರೆದ. ಮಾಲೀಕರು ಒಪ್ಪಿದ್ದು ಒಂದು ವರ್ಷಕ್ಕಷ್ಟೇ. ವರ್ಷ ಕಳೆದ ಮೇಲೆ ಮತ್ತೆ ಜಗಳವಿದ್ದೇ ಇದೆ. ವೀರಪ್ಪ ಗಟ್ಟಿಯಾಗಿ ಓದಿದ. ಆರನೇ ಹೆಸರಿಗೆ ಬಂದಾಗ ಚೌಡಮ್ಮ ತಡೆದು, ತಂದೆಯ ಹೆಸರು ತಪ್ಪಿದೆಯೆಂದು ತಿದ್ದಿಸಿದಳು. ಆಫೀಸಿನಿಂದ ಮೊಹರು ತರಿಸಿ ಒತ್ತುವವರೆಗೆ ಮ್ಯಾನೇಜರನನ್ನು ಅಡುಗೆಮನೆಯಿಂದ ಹೊರಗೆ ಬಿಡಲಿಲ್ಲ.