ಕಾಣದ ಬೆಳಕಿನ ಬಾಗಿಲಲ್ಲಿ ಸುರೇಖಾ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಸ್ಕಿಯಿಂದ ಲಿಂಗಸುಗೂರಿನ ಕಡೆ ಹೋಗುವ ಮೊದಲ ಬಸ್ಸಿನಿಂದ ಸುರೇಖಾ ಇಳಿಯುತ್ತಾರೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಕಾಂಪೌಂಡ್ ಗೋಡೆ ಸವರಿಕೊಂಡು ಹಿಂಭಾಗದ ಲೇಸರ್ ಸಂಶೋಧನಾ ಕಟ್ಟಡಕ್ಕೆ ಬಂದು, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಹಗಲಾದರೆ ಇಲ್ಲಿ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಹಾಗಾಗಿ ಲೇಸರ್ ಯಂತ್ರ ಓಡುವುದೇ ಬೆಳಗಿನ ಜಾವ. ಓಡುವಾಗ ಲೇಸರ್ ತಡೆಯುವ ಕನ್ನಡಕವಿಲ್ಲದೆ ಯಾರನ್ನೂ ಒಳಗೆ ಬಿಡದಿರುವುದೇ ಅವರ ಕೆಲಸ.

ನಮ್ಮೊಡನೆ ಮಾತಾಡುವಾಗ ಅವರು ಕತ್ತು ಓರೆ ಮಾಡುತ್ತಾರೆ. "ಸಿಟ್ಟಾಗಬ್ಯಾಡ್ರಿ. ನೆಟ್ಟಗ ನೋಡಿದ್ರ ನಿಮ್ಮ ಮುಖಾನ ಇರಂಗಿಲ್ಲ. ಕಿವಿ ಕಾಣ್ತಾವ, ಕೂದಲ ಕಾಣ್ತಾವ, ನಡುವ ಬರೇ ಕರಿ."

ನಾಲ್ಕು ವರ್ಷದ ಹಿಂದೆ ಅವರು ಇಲ್ಲಿ ಕಸ ಗುಡಿಸುತ್ತಿದ್ದರು. ಆಗ ಲೇಸರ್ ಇದ್ದದ್ದು ಹಳೆಯ ಗೋದಾಮಿನಲ್ಲಿ. ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಲೆಂದು ಒಂದು ಸ್ವಿಚ್ ಇತ್ತು. ಪದೇ ಪದೇ ಪ್ರಯೋಗ ನಿಲ್ಲುತ್ತದೆಂದು ಯಾರೋ ಅದಕ್ಕೆ ವೈರ್ ಸುತ್ತಿ ಸುಮ್ಮನಾಗಿಸಿದ್ದರು. ಯಂತ್ರ ಓಡುತ್ತಿದೆ ಎಂದು ಎಚ್ಚರಿಸುವ ಹೊರಗಿನ ಕೆಂಪು ದೀಪ ಸುಟ್ಟು ತಿಂಗಳಾಗಿತ್ತು. ಸುರೇಖಾ ಒಳಗೆ ಹೋಗಿ, ಬಕೆಟ್ ಇಡಲು ಬಗ್ಗಿದರು. ಕಣ್ಣು ಕಿರಣ ಹಾಯುತ್ತಿದ್ದ ಮೇಜಿನ ಮಟ್ಟಕ್ಕೆ ಬಂತು.

"ಟಪ್ ಅಂದಂಗಾತ್ರಿ, ತಲಿಯೊಳಗ. ನೋವಿಲ್ಲ, ಉರಿಯಿಲ್ಲ. ಆ ಬೆಳಕು ಕಣ್ಣಿಗೆ ಕಾಣಂಗಿಲ್ಲಂತ. ಕಂಡಿದ್ರ ನಾ ಸರೀತಿದ್ದಿಲ್ಲೇನ್ರೀ?"

ಬಲಗಣ್ಣು ಪೂರಾ ಹೋಯಿತು, ಎಡಗಣ್ಣು ಅರ್ಧ. ಸಿಂಧನೂರಿನ ವೈದ್ಯರು ಕಣ್ಣಿನ ಹಿಂದಿನ ಪರದೆಯೇ ಸುಟ್ಟಿದೆ, ಯಾವ ಔಷಧಿಗೂ ಅದು ಮತ್ತೆ ಬೆಳೆಯದು ಎಂದರು. ಗಂಡ ಹುಲಿಗೇಶ ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಸುರೇಖಾ ನೋಡಲಿಲ್ಲ. ಕೇಳಿಸಿಕೊಂಡರು.

ಆಮೇಲೆ ಹೊಸ ಕಟ್ಟಡಕ್ಕೆ ನಕ್ಷೆ ಹಾಕಲು ಶೈಲಜಾ ಎಂಬ ಎಂಜಿನಿಯರ್ ಬಂದರು. ಅವರು ಸುರೇಖಾರನ್ನು ಕರೆದು, ಎಲ್ಲಿ ನಿಂತಿದ್ದಿರಿ, ಹೇಗೆ ಬಗ್ಗಿದಿರಿ ಎಂದು ಕೇಳಿದರು. ಕಿರಣ ಬಾಗಿಲ ಕಡೆ ಹಾಯದಂತೆ ಮೇಜು ತಿರುಗಿತು. ಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಂತು. ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಕನ್ನಡಕ ಹಾಕಿಕೊಳ್ಳಲು ಜಾಗ ಎಂದು ನಕ್ಷೆಯಲ್ಲಿತ್ತು. ಅಷ್ಟರಲ್ಲಿ ಅನುದಾನ ನಿಂತಿತು. ಶೈಲಜಾ ಬೇರೆ ಕಡೆ ಹೋದರು. ಎರಡನೆಯ ಬಾಗಿಲ ಚೌಕಟ್ಟಿಗೆ ಇವತ್ತಿಗೂ ಹಳೇ ಪರದೆ ಇಳಿಬಿದ್ದಿದೆ. ಗುಡಿಸುವ ಕೆಲಸ ಆಗದ ಸುರೇಖಾಗೆ ಕಾಲೇಜು ಕೊಟ್ಟದ್ದು ಮೊದಲ ಬಾಗಿಲು ಕಾಯುವ ಈ ಕುರ್ಚಿ.

ಕಳೆದ ಬೇಸಿಗೆಯಲ್ಲಿ ಏಸಿ ಕೆಟ್ಟಿತು. ಸೆಕೆ ತಾಳದೆ ಒಳಗಿನವರು ಬಾಗಿಲು ಮುಚ್ಚದಂತೆ ಕಲ್ಲು ಕೊಟ್ಟು, ಸ್ವಿಚ್ಚಿಗೆ ಮತ್ತೆ ವೈರ್ ಸುತ್ತಿದರು. ಸುರೇಖಾ ನೀರು ಕುಡಿದು ಬರುವಷ್ಟರಲ್ಲಿ, ಈಗ ಕಸ ಗುಡಿಸುವ ಖಾಸಿಂಬೀ ಪರದೆ ಸರಿಸುತ್ತಿದ್ದರು. ಯಂತ್ರದ ಗುಂಯ್ ಸಪ್ಪಳ ಕೇಳಿದ್ದೇ ಸುರೇಖಾ ಓಡಿ, ಕೈಗೆ ಸಿಕ್ಕ ಸೆರಗು ಹಿಡಿದು ಎಳೆದರು. ಇಬ್ಬರೂ ಮೆಟ್ಟಿಲ ಮೇಲೆ ಬಿದ್ದರು. ಖಾಸಿಂಬೀಯ ಮೊಣಕೈ ಒಡೆಯಿತು.

"ಹುಚ್ಚೇನ್ ಬೇ ನಿನಗ ಅಂತ ಬೈದ್ಲು. ಆಮ್ಯಾಲ ವೈರ್ ನೋಡಿ, ನನ್ನ ತೆಕ್ಕಿಬಡದು ಅತ್ಲು."

ವಿಭಾಗದ ಮುಖ್ಯಸ್ಥರು ವೈರ್ ಬಿಚ್ಚಿಸಿದರು. ವಾರ ಕಳೆಯುವುದರೊಳಗೆ ಅದು ಮತ್ತೆ ಸುತ್ತಿಕೊಂಡಿತು. ದೂರಿದ ಸುರೇಖಾಗೆ ಅದೇ ಮುಖ್ಯಸ್ಥರಿಂದ ಸಿಕ್ಕ ಉತ್ತರ, "ಕುರ್ಚಿ ಬ್ಯಾಡಂದ್ರ ಮನೀಗೆ ಹೋಗು." ಅಂದಿನಿಂದ ಅವರು ಯಂತ್ರ ನಿಲ್ಲುವ ತನಕ ನೀರಿಗೂ ಏಳುವುದಿಲ್ಲ.

ಎರಡನೇ ಬಾಗಿಲು ಬಂದೀತೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಬರಂಗಿಲ್ರಿ. ನನ್ನ ಕಣ್ಣೂ ಬರಂಗಿಲ್ಲ." ಒಳಗಿನಿಂದ ಖಾಸಿಂಬೀಯ ಪೊರಕೆಯ ಸಪ್ಪಳ ಕೇಳುತ್ತಿದೆ. ಯಂತ್ರ ನಿಂತಿದೆ. ಸುರೇಖಾ ಅತ್ತ ಕಿವಿಗೊಡುತ್ತಾರೆ. "ಆಕಿಗೆ ಎರಡೂ ಅದಾವ. ಅಷ್ಟು ನಾ ಮಾಡೀನ್ರಿ."