ಹಳೇ ಬೂದು, ಹೊಸ ಬೂದು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಆಟಿಕೆ ಅಂಗಡಿಯ ಹಿಂದಿನ ಕೋಣೆಯ ಬೀಗ ತೆಗೆದ ಅಕ್ಕ, ಟ್ಯೂಬ್‌ಲೈಟಿನ ಸ್ವಿಚ್ಚಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಬ್ಬಿನಲ್ಲೇ ಏಪ್ರನ್ ಕಟ್ಟಿಕೊಂಡು, ಪೂರ್ವದ ಕಿಟಕಿ ತೆರೆದು, ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರೆ. ಮುಂದೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ನಿನ್ನೆ ಸಂಜೆ ತೊಳೆದು ಒಣಗಲು ಹರಡಿದ ಬೂದು ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು, ಮಕ್ಕಳು ಒಂದಕ್ಕೊಂದು ಜೋಡಿಸಿ ಮನೆ, ರೈಲು, ಕೋಟೆ ಕಟ್ಟುವಂಥವು. ಅಕ್ಕ ಕೈಕಟ್ಟಿ ಕಾಯುತ್ತಾರೆ. ಬೆಳಕು ಬರಬೇಕು.

ಬೆಳಕು ಬಂದದ್ದೇ ತಡ, ಎರಡೂ ಕೈ ಓಡತೊಡಗುತ್ತವೆ. ಒಂದು ಇಟ್ಟಿಗೆ ಎಡಗಡೆಯ ಡಬ್ಬಕ್ಕೆ, ಮೂರು ಬಲಗಡೆಯ ಡಬ್ಬಕ್ಕೆ. ನೋಡುವವರಿಗೆ ಎಲ್ಲವೂ ಒಂದೇ ಬೂದು. ಆದರೆ ತಯಾರಿಸುವವರು ಒಂದು ಕಾಲದಲ್ಲಿ ಬಣ್ಣ ಬದಲಿಸಿದ್ದಾರೆ. ಹಳೆಯದು ತುಸು ಮಣ್ಣಿನ ಕಡೆಗೆ, ಹೊಸದು ತುಸು ನೀಲಿಯ ಕಡೆಗೆ ಎಳೆಯುತ್ತದೆ. ಒಂದೇ ಗೋಡೆಯಲ್ಲಿ ಎರಡೂ ಬೆರೆತರೆ ಗೋಡೆಗೆ ತೇಪೆ ಹಾಕಿದಂತಿರುತ್ತದೆ.

“ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಥರ ಕಾಣ್ತವೆ,” ಎನ್ನುತ್ತಾರೆ ಅಕ್ಕ, ತಲೆ ಎತ್ತದೆ. “ಏಳೂವರೆ ಆದ್ಮೇಲೆ ಬಿಸಿಲು ಕಣ್ಣಿಗೆ ಹೊಡಿಯುತ್ತೆ. ನನಗೆ ಸಿಗೋದು ಒಂದೂವರೆ ಗಂಟೆ ಅಷ್ಟೆ. ಈ ಒಂದೂವರೆ ಗಂಟೇಲಿ ನನ್ನನ್ನ ಯಾರೂ ಮಾತಾಡಿಸಬಾರದು.”

ಮಾತಾಡಿಸಬಾರದು ಎಂದವರು ತಾವೇ ಮಾತಾಡುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ.

ಈ ಅಂಗಡಿ ಬಳಸಿದ ಇಟ್ಟಿಗೆ ಸೆಟ್‌ಗಳನ್ನು ಕೊಂಡು, ಕೊರತೆ ತುಂಬಿ, ವಾರದ ಲೆಕ್ಕದಲ್ಲಿ ಮನೆಗಳಿಗೆ ಬಾಡಿಗೆಗೆ ಕೊಡುತ್ತದೆ. ವಾರಕ್ಕೆ ನಲವತ್ತು ಕಿಲೋ ಇಟ್ಟಿಗೆ ಹಿಂದಿನ ಕೋಣೆಗೆ ಬಂದು ಬೀಳುತ್ತದೆ. ಅದರ ಜೊತೆ ಬಿಸ್ಕತ್ತಿನ ಪುಡಿ, ಬೆಕ್ಕಿನ ಕೂದಲು, ಹಾಲುಹಲ್ಲು, ಒಮ್ಮೆ ಯಾರದೋ ಮನೆಯ ಬೀಗದಕೈ. ಮೂರು ಟಬ್ಬಿನಲ್ಲಿ ತೊಳೆಯಬೇಕು, ಬಣ್ಣ ಬೇರೆ ಮಾಡಬೇಕು, ಆಕಾರ ಬೇರೆ ಮಾಡಬೇಕು, ಪ್ರತಿ ಸೆಟ್ಟಿನ ಪಟ್ಟಿ ಹಿಡಿದು ಕಾಣೆಯಾದವನ್ನು ಹುಡುಕಿ ತುಂಬಬೇಕು. ಹತ್ತೊಂಬತ್ತು ವರ್ಷಗಳಿಂದ ಇದನ್ನು ಒಬ್ಬರೇ ಮಾಡುತ್ತಿರುವವರು ಅಕ್ಕ. ವಯಸ್ಸು ಐವತ್ತಮೂರು. ಅಂಗಡಿಯ ಯಜಮಾನರಿಂದ ಹಿಡಿದು ಸಾಮಾನು ತರುವ ಡ್ರೈವರ್‌ವರೆಗೆ ಎಲ್ಲರಿಗೂ ಅವರು ಅಕ್ಕನೇ.

ಅದಕ್ಕೂ ಮೊದಲು ಅಕ್ಕ ಗುಂಡಿ ಕಾರ್ಖಾನೆಯಲ್ಲಿದ್ದರು. ಅಂಗಿ ಗುಂಡಿಗಳ ರಾಶಿಯಲ್ಲಿ ಬಿಳಿಯಿಂದ ಕೆನೆಬಿಳಿಯನ್ನು ಬೇರೆ ಮಾಡುವ ಕೆಲಸ. ಕಾರ್ಖಾನೆ ಮುಚ್ಚಿತು, ಕಣ್ಣು ಪಳಗಿ ಉಳಿಯಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಬ್ಬಳೇ ಮಗಳು, ನರ್ಸಿಂಗ್ ಓದುತ್ತಿದ್ದಾಳೆ. ಸೋಪಿನ ನೀರಿನಲ್ಲಿ ನೆಂದೂ ನೆಂದೂ ಅಕ್ಕನ ಬೆರಳ ತುದಿಗಳು ಸುಕ್ಕುಗಟ್ಟಿವೆ. ಮಂಡಿ ನೋವು ಶುರುವಾದ ಮೇಲೆ ಸ್ಟೂಲಿಗೆ ದಿಂಬು ಬಂದಿದೆ.

ತಮಗೆಂದು ಅಕ್ಕ ಒಂದು ಸೆಟ್ಟನ್ನೂ ಕೊಂಡವರಲ್ಲ. ಆದರೆ ಅಭಿಪ್ರಾಯಕ್ಕೆ ಬರವಿಲ್ಲ. ಕೋಟೆಯ ಸೆಟ್ ಎಂದರೆ ಅವರಿಗೆ ಪ್ರಾಣ. ಅಲ್ಲಿ ಪ್ರತಿ ಇಟ್ಟಿಗೆಯೂ ಭಾರ ಹೊರುತ್ತದೆ, ಸುಮ್ಮನೆ ಅಲಂಕಾರಕ್ಕೆ ಕೂತಿರುವುದಿಲ್ಲ. ರೈಲಿನ ಬಗ್ಗೆ ಗೌರವವಿದೆ, ಚಕ್ರಕ್ಕೆ ಸುತ್ತಿದ ಕೂದಲು ಬಿಡಿಸುವಾಗ ಮಾತ್ರ ಆ ಗೌರವ ಸ್ವಲ್ಪ ಕಡಿಮೆಯಾಗುತ್ತದೆ. ಸಿನಿಮಾ ಪಾತ್ರಗಳ ಸೆಟ್‌ಗಳೆಂದರೆ ಮೂಗು ಮುರಿಯುತ್ತಾರೆ, ಏಕೆಂದರೆ ಮಕ್ಕಳು ಬೊಂಬೆಗಳನ್ನು ಉಳಿಸಿಕೊಂಡು ಇಟ್ಟಿಗೆಗಳನ್ನಷ್ಟೇ ವಾಪಸು ಮಾಡುತ್ತಾರೆ. ದೊಡ್ಡವರು ಕಟ್ಟಿ ಶೋಕೇಸಿನಲ್ಲಿಡುವ ಹೂಗುಚ್ಛದ ಸೆಟ್ ಬಂದರಂತೂ ಗೊಣಗಾಟ ನಿಲ್ಲುವುದೇ ಇಲ್ಲ. ಹೂವಿಗೆ ನೀರು ಹಾಕುವ ಕೆಲಸ ತಪ್ಪಿತೆಂದು ಅವರು ಕೊಳ್ಳುತ್ತಾರೆ, ಎಸಳೆಸಳಿನ ದೂಳು ತೆಗೆಯುವ ಕೆಲಸ ಇವರ ಪಾಲಿಗೆ ಬರುತ್ತದೆ. ಗುಲಾಬಿ ಬಣ್ಣದ ಸೆಟ್ಟಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮಾತ್ರ ಅಕ್ಕ ಬಿಡುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ತುಂಡೂ ಕಳೆಯದೆ ಹೆಚ್ಚಾಗಿ ಮರಳಿರುವವು ಆ ಡಬ್ಬಗಳೇ ಎಂದು ಬೆರಳು ಮಡಿಸಿ ತೋರಿಸುತ್ತಾರೆ.

ಇನ್ನು ಬಾಹ್ಯಾಕಾಶದ ಸೆಟ್. ಅದರಲ್ಲಿ ಮೊದಲು ಕಳೆಯುವುದು ಕಡ್ಡಿಯಂಥ ಆಂಟೆನಾ. “ಆಕಾಶಕ್ಕೆ ಹೋದೋರು ಆಂಟೆನಾ ಕಳ್ಕೊಂಡೇ ಮನೆಗೆ ಬರ್ತಾರೆ,” ಎಂದು ಅಕ್ಕ ಒಂದು ದಿನ ಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಾ ಹೇಳಿದ್ದರು. ಎದುರಿಗೆ ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದವಳು ಅದೇ ಮನೆಯಲ್ಲಿರುವ ಅವರ ಓರಗಿತ್ತಿ.

ಎರಡು ವಾರದ ನಂತರ ಮಗಳ ಮೊಬೈಲಿನಲ್ಲಿ ಅದೇ ಮಾತು ಕೇಳಿಬಂತು. ಹೇಳುತ್ತಿದ್ದವಳು ಓರಗಿತ್ತಿ. ಕೆಳಗೆ ಸಾವಿರಾರು ಜನ ನಕ್ಕ ಗುರುತು. ಅಕ್ಕ ನಗಲಿಲ್ಲ.

ಈ ಓರಗಿತ್ತಿಯನ್ನು ಅಂಗಡಿಗೆ ಸೇರಿಸಿದವರು ಅಕ್ಕನೇ. ಆರು ವರ್ಷಗಳ ಹಿಂದೆ ಮೈದುನನ ಸಂಬಳ ಅರ್ಧಕ್ಕೆ ಇಳಿದಾಗ, ಮನೆಯಲ್ಲಿ ಸುಮ್ಮನೆ ಕೂತು ಕೊರಗುವ ಹುಡುಗಿಗೆ ತೊಳೆಯುವ ಕೆಲಸವಾದರೂ ಸಿಗಲಿ ಎಂದು ಯಜಮಾನರ ಹತ್ತಿರ ಹೇಳಿ ಒಪ್ಪಿಸಿದ್ದರು. ಹುಡುಗಿ ತೊಳೆದದ್ದು ಒಂದೇ ತಿಂಗಳು. ಆಮೇಲೆ ಮುಂದಿನ ಗಾಜಿನ ಕಪಾಟಿನಲ್ಲಿ ಸಣ್ಣದೊಂದು ಸೇತುವೆ ಕಟ್ಟಿದಳು, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ಅಲ್ಲಿಗೆ ಆಕೆಯ ಜಾಗ ಗಟ್ಟಿಯಾಯಿತು. ಈಗ ಕಪಾಟಿನ ಪಕ್ಕದಲ್ಲಿ ಆಕೆಯ ಫೋಟೊ ಇದೆ. ಯಾವ ಸೆಟ್ ಒಳ್ಳೆಯದು, ಯಾವುದು ಬರೀ ಡಬ್ಬದ ಅಂದ ಎಂದು ಕ್ಯಾಮೆರಾ ಮುಂದೆ ಹೇಳುತ್ತಾಳೆ. ಬಡಾವಣೆಯ ಮಕ್ಕಳಿಗೆ ಆಕೆ ‘ಇಟ್ಟಿಗೆ ಆಂಟಿ’. ಆ ಅಭಿಪ್ರಾಯಗಳಲ್ಲಿ ಅರ್ಧಕ್ಕರ್ಧ ಬಟ್ಟೆ ಮಡಿಸುವಾಗ ಕೇಳಿದವು ಎಂಬುದು ಮಕ್ಕಳಿಗೆ ಗೊತ್ತಿಲ್ಲ.

ಅಕ್ಕ ಇದನ್ನು ಮುಚ್ಚಿಡುವುದಿಲ್ಲ. “ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ಅವಳು ಕೆಟ್ಟೋಳಾಗಿದ್ರೆ ಸುಲಭ ಇತ್ತು. ನನಗೆ ಜ್ವರ ಬಂದ್ರೆ ರಾತ್ರಿ ಎಲ್ಲಾ ಕೂರೋಳು ಅವಳೇ. ಆದರೂ ಆ ಫೋಟೊ ಮುಂದೆ ಹಾದು ಹೋಗುವಾಗ ಒಳಗೆ ಚುರ್ ಅನ್ನುತ್ತೆ.”

ಆ ಫೋಟೊ ತಪ್ಪಿಸಲು ಅಕ್ಕ ಎರಡು ವರ್ಷ ಹಿಂಬಾಗಿಲಿನಿಂದ ಓಡಾಡಿದ್ದಾರೆ. ಹಿಂಬಾಗಿಲಿಗೆ ಏಳು ಮೆಟ್ಟಿಲು, ಮಂಡಿಗೆ ಅದೊಂದು ಶಿಕ್ಷೆ. ಗಾಜಿನ ಕಪಾಟಿನಲ್ಲಿ ತಾವೊಂದು ಕೋಟೆ ಕಟ್ಟಬೇಕೆಂಬ ಆಸೆ ಅವರಿಗೆ ಹತ್ತೊಂಬತ್ತು ವರ್ಷಗಳಿಂದಲೂ ಇತ್ತು. ಕೇಳಲು ಬಾಯಿ ಬಂದಿರಲಿಲ್ಲ. ಕೇಳದೆಯೇ ಓರಗಿತ್ತಿಗೆ ಸಿಕ್ಕಿತ್ತು.

ಕಳೆದ ವರ್ಷ ಅಂಗಡಿಗೆ ಇಪ್ಪತ್ತೈದು ತುಂಬಿತು. ಗಾಜಿನ ಕಪಾಟಿಗೆ ಮೊಳದೆತ್ತರದ ಕೋಟೆ ಬೇಕೆಂದು ಯಜಮಾನರು ಹೇಳಿದರು. ಹೇಳಿದ್ದು ಓರಗಿತ್ತಿಗೆ. ಆಕೆ ಹಿಂದಿನ ಕೋಣೆಗೆ ಬಂದು, ಅಕ್ಕ, ಸಾವಿರದ ನೂರು ಹೊಸ ಬೂದು ಬೇಕು, ಬಣ್ಣ ನೋಡುವುದು ನಿಮಗೆ ಬಿಟ್ಟದ್ದು ಎಂದು ಪಟ್ಟಿ ಕೊಟ್ಟು ಹೋದಳು.

ಕೋಟೆ. ಅದೂ ಕೋಟೆ. ಅಕ್ಕ ಎರಡು ದಿನ ಹಲ್ಲು ಕಚ್ಚಿಕೊಂಡು ಹೊಸ ಬೂದನ್ನೇ ಆರಿಸಿದರು. ಮೂರನೆಯ ಬೆಳಗ್ಗೆ ಕಿಟಕಿಯ ಹತ್ತಿರ ಕೂತು, ಎಡಗಡೆಯ ಡಬ್ಬದಿಂದ ಹಳೇ ಬೂದಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಬಲಗಡೆಯ ಡಬ್ಬಕ್ಕೆ ಹಾಕತೊಡಗಿದರು. ಎಷ್ಟು ಹಾಕಿದರೋ ಅಷ್ಟು ಹೊಸದನ್ನು ವಾಪಸು ತೆಗೆದರು, ಲೆಕ್ಕ ಹೊಂದಬೇಕಲ್ಲ. ಆಮೇಲೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

ಓರಗಿತ್ತಿ ನಡುಮನೆಯಂಥ ಮಧ್ಯದ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂಬತ್ತು ದಿನ ಕೂತು ಕೋಟೆಯನ್ನು ತುಂಡುತುಂಡಾಗಿ ಕಟ್ಟಿದಳು. ತುಂಡುಗಳನ್ನು ಕಪಾಟಿನಲ್ಲಿ ಜೋಡಿಸಿ ಪರದೆ ಎಳೆದದ್ದು ಶನಿವಾರ ಸಂಜೆ. ಭಾನುವಾರ ಬೆಳಗ್ಗೆ ಎಂಟೂವರೆಗೆ ಪರದೆ ಸರಿಯಿತು. ಕಪಾಟಿನ ಮುಖವೂ ಪೂರ್ವಕ್ಕೇ.

ಬಿಸಿಲು ನೇರವಾಗಿ ಗೋಡೆಯ ಮೇಲೆ ಬಿತ್ತು, ಗೋಡೆಯ ತುಂಬ ತೇಪೆ ಎದ್ದು ಕಂಡಿತು. ಸೇರಿದ್ದವರಲ್ಲಿ ಬೇರೆ ಊರಿಂದ ಬಂದ, ಇಂಥ ಇಟ್ಟಿಗೆ ಕಟ್ಟುವ ಹವ್ಯಾಸಿಗಳೂ ಇದ್ದರು. ಅವರಲ್ಲೊಬ್ಬರು ಎರಡು ಬೂದು ಬೆರೆತಿದೆಯಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದರು. ಓರಗಿತ್ತಿಯ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಮೈಕನ್ನು ಏನು ಮಾಡಬೇಕೆಂದು ತಿಳಿಯದೆ ಆಕೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಸುಳ್ಳು ಯಾಕೆ ಹೇಳಲಿ,” ಎನ್ನುತ್ತಾರೆ ಅಕ್ಕ. “ಒಂದು ನಿಮಿಷ ಹೊಟ್ಟೆ ತಣ್ಣಗಾಯ್ತು. ಒಂದೇ ನಿಮಿಷ.”

ಜನ ಹೋದ ಮೇಲೆ ಯಜಮಾನರು ಹೇಗಾಯಿತೆಂದು ವಿಚಾರಿಸಿದರು. ಓರಗಿತ್ತಿ ಅಕ್ಕನನ್ನು ದೂರಲಿಲ್ಲ. “ಅಕ್ಕನ ತಪ್ಪಲ್ಲ ಸರ್. ಪಾಪ, ವಯಸ್ಸಾಯ್ತು, ಕಣ್ಣು ಮಂಜಾಗಿರಬೇಕು. ನಾನೇ ಒಂದ್ಸಲ ನೋಡ್ಕೋಬೇಕಿತ್ತು,” ಎಂದಳು. ಯಜಮಾನರು ನಿಟ್ಟುಸಿರು ಬಿಟ್ಟು, ಅದೇ ಕನಿಕರದಲ್ಲಿ, ಸೋಮವಾರದಿಂದ ಅಕ್ಕ ಪ್ಯಾಕಿಂಗ್ ಟೇಬಲ್ಲಿಗೆ ಬರಲಿ, ಅಲ್ಲಿ ಬೆನ್ನಿಗೊರಗುವ ಕುರ್ಚಿಯಿದೆ, ಬಣ್ಣ ಆರಿಸಲು ಬೇರೆ ಯಾರನ್ನಾದರೂ ಹುಡುಕೋಣ ಎಂದರು.

ಪಾಪ ಎಂಬ ಮಾತು ಅಕ್ಕನಿಗೆ ಮುಳ್ಳಿನಂತೆ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಸುಮ್ಮನಿದ್ದರೆ ಕುರ್ಚಿಯೂ ಸಿಗುತ್ತಿತ್ತು, ಕನಿಕರವೂ ಸಿಗುತ್ತಿತ್ತು, ಆದರೆ ಕಿಟಕಿ ಹೋಗುತ್ತಿತ್ತು. ಗುಂಡಿ ಕಾರ್ಖಾನೆಯ ಕಾಲದಿಂದ ಕಾಪಾಡಿಕೊಂಡು ಬಂದ ಕಣ್ಣಿನ ಹೆಸರೂ ಹೋಗುತ್ತಿತ್ತು. ಬಾಯಿಬಿಟ್ಟರೆ ಮನೆಯಲ್ಲಿ, ಅಂಗಡಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಆದರೂ ಅಕ್ಕ ಹೇಳಿಯೇಬಿಟ್ಟರು.

“ನನ್ನ ಕಣ್ಣಿಗೆ ಏನೂ ಆಗಿಲ್ಲ. ನಾನು ಬೇಕಂತಲೇ ಬೆರೆಸಿದೆ. ಇನ್ನೂರ ಹದಿನಾಲ್ಕು ಹಳೇ ಬೂದು ಹಾಕಿದೀನಿ. ಬೇಕಾದ್ರೆ ಎಣಿಸ್ಕೊಳ್ಳಿ.”

ಯಾರೂ ನಂಬಲಿಲ್ಲ. ಕಣ್ಣು ಹೋಗಿದ್ದನ್ನು ಒಪ್ಪಿಕೊಳ್ಳಲಾಗದೆ ಹೀಗೆ ಹೇಳುತ್ತಿದ್ದಾರೆಂದೇ ಯಜಮಾನರು ತಿಳಿದರು. ಕೊನೆಗೆ ಸೋಮವಾರ ಬೆಳಗ್ಗೆ ಆರಕ್ಕೆ ಕೋಟೆಯ ತುಂಡುಗಳನ್ನೆಲ್ಲ ಕಿಟಕಿಯ ಹತ್ತಿರ ತಂದು ಬಿಚ್ಚಿದರು. ಯಜಮಾನರು, ಓರಗಿತ್ತಿ ಇಬ್ಬರೂ ನೆಲದ ಮೇಲೆ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದರು. ಅಕ್ಕ ಮುಟ್ಟುವ ಹಾಗಿರಲಿಲ್ಲ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಆ ಹೊತ್ತಿನಲ್ಲಿ ಅವರ ಕೈ ಸುಮ್ಮನಿದ್ದದ್ದು ಅದೇ ಮೊದಲು.

ಲೆಕ್ಕ ಇನ್ನೂರ ಹದಿಮೂರಕ್ಕೆ ನಿಂತಿತು.

ಅಕ್ಕ ಎದ್ದು ಬಂದು ಹಳೇ ಬೂದಿನ ರಾಶಿಯ ಮುಂದೆ ಕೂತರು. ರಾಶಿಯೊಳಗೆ ಒಂದು ಇಟ್ಟಿಗೆ ಉಳಿದವುಗಳಿಗಿಂತ ದಪ್ಪವಾಗಿತ್ತು. ಅದು ಒಂದಲ್ಲ, ಒಂದರ ತಲೆಗೊಂದು ಬಿಗಿಯಾಗಿ ಕಚ್ಚಿಕೊಂಡ ಎರಡು. ಅಕ್ಕ ಹೆಬ್ಬೆರಳ ಉಗುರನ್ನು ಸಂದಿಗೆ ತೂರಿಸಿ ಒತ್ತಿದರು. ಟಕ್ ಎಂದು ಎರಡೂ ಬೇರೆಯಾಗಿ ಬಟ್ಟೆಯ ಮೇಲೆ ಬಿದ್ದವು.

ಯಜಮಾನರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ ರಾಶಿಗೆ ಸೇರಿಸಿದರು. ಓರಗಿತ್ತಿ ಅಕ್ಕನ ಕಡೆ ತಿರುಗಿದಳು. “ಕೆಡಿಸುವಾಗಲೂ ಎಣಿಸಿದ್ರಾ ಅಕ್ಕ?” ಎಂದಳು. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಎಣಿಸದೆ ಹಾಕುವುದು ಹೇಗೆ ಎಂಬುದೇ ಅಕ್ಕನಿಗೆ ಗೊತ್ತಿಲ್ಲ.

ಆಮೇಲೆ ಹನ್ನೊಂದು ದಿನ ಓರಗಿತ್ತಿ ಅಕ್ಕನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಬಚ್ಚಲು, ಎದುರಾದಾಗ ಇಬ್ಬರೂ ಗೋಡೆಗೆ ಒತ್ತಿಕೊಂಡು ಸರಿಯುತ್ತಿದ್ದರು. ಹನ್ನೆರಡನೆಯ ದಿನ ಒಣಗಿದ ಹಾಸಿಗೆ ಬಟ್ಟೆಯ ತುದಿ ಹಿಡಿಯಲು ಆಕೆಯೇ ಬಂದಳು. ಕ್ಷಮೆ ಕೇಳಿದ್ದು, ಕ್ಷಮಿಸಿದ್ದು ಯಾವುದೂ ಬಾಯಿಮಾತಿನಲ್ಲಿ ಆಗಲಿಲ್ಲ. ಆದರೆ ಅಂದಿನಿಂದ ಅಕ್ಕ ಬಟ್ಟೆ ಮಡಿಸುವಾಗ ಸೆಟ್‌ಗಳ ಬಗ್ಗೆ ಚಕಾರ ಎತ್ತುವುದಿಲ್ಲ.

ಪ್ಯಾಕಿಂಗ್ ಟೇಬಲ್ಲಿನ ಮಾತು ಅಲ್ಲಿಗೇ ಬಿತ್ತು. ಕಿಟಕಿ ಉಳಿಯಿತು. ಶಿಕ್ಷೆಯೆಂದು ಯಜಮಾನರು ವಿಧಿಸಿದ್ದು ಒಂದೇ. ಇನ್ನು ಮುಂದೆ ಬಣ್ಣ ನೋಡುವುದನ್ನು ಓರಗಿತ್ತಿಗೂ ಕಲಿಸಬೇಕು. ಹಾಗಾಗಿ ವಾರಕ್ಕೆ ಎರಡು ದಿನ ಬೆಳಗ್ಗೆ ಕಿಟಕಿಯ ಕೆಳಗೆ ಈಗ ಎರಡು ಸ್ಟೂಲು. ಓರಗಿತ್ತಿ ಮೊದಮೊದಲು ಹತ್ತಕ್ಕೆ ನಾಲ್ಕು ತಪ್ಪುತ್ತಿದ್ದಳು. ಈಗ ಒಂದು ತಪ್ಪಿದರೆ ಹೆಚ್ಚು.

“ಅದೇ ಸಂಕಟ,” ಎನ್ನುತ್ತಾರೆ ಅಕ್ಕ. “ನನ್ನ ಮಾತು ತಗೊಂಡಳು, ಸರಿ. ಕಪಾಟು ತಗೊಂಡಳು, ಸರಿ. ಈಗ ಕಣ್ಣನ್ನೂ ನಾನೇ ಕೊಡ್ತಾ ಇದೀನಿ. ಬೇಗ ಬೇರೆ ಕಲೀತಾಳೆ.”

ಕೋಟೆಯನ್ನು ಓರಗಿತ್ತಿ ಅಪ್ಪಟ ಹೊಸ ಬೂದಿನಲ್ಲಿ ಮತ್ತೆ ಕಟ್ಟಿದ್ದಾಳೆ. ಒಂದೂ ತೇಪೆಯಿಲ್ಲ. ಚೆನ್ನಾಗಿದೆಯೇ ಎಂದು ಕೇಳಿದರೆ ಅಕ್ಕ ಮುಖ ಸೊಟ್ಟಗೆ ಮಾಡಿ, ಬಾಗಿಲ ಕಮಾನು ಒಂದು ಸಾಲು ಗಿಡ್ಡವಾಯಿತು ಎನ್ನುತ್ತಾರೆ. ಆಮೇಲೆ, ಕಷ್ಟಪಟ್ಟು, ಬುರುಜುಗಳು ಚೆನ್ನಾಗಿವೆ ಎಂದೂ ಸೇರಿಸುತ್ತಾರೆ. ಎಂದಾದರೂ ಒಂದು ವಾರ, ಮೂಲೆಯಲ್ಲಾದರೂ ಸರಿ, ತಮ್ಮದೊಂದು ಹಳೇ ಬೂದಿನ ಕೋಟೆ ಆ ಕಪಾಟಿನಲ್ಲಿ ನಿಲ್ಲಬೇಕೆಂಬ ಆಸೆ ಈಗಲೂ ಇದೆ. ಈಗಲೂ ಯಜಮಾನರನ್ನು ಕೇಳಿಲ್ಲ.

ಈ ಲೇಖನಕ್ಕೆ ಫೋಟೊ ತೆಗೆಯಲು ಬಂದವರು ಇಬ್ಬರೂ ಗಾಜಿನ ಕಪಾಟಿನ ಮುಂದೆ ನಿಂತರೆ ಚೆಂದ ಎಂದಾಗ ಅಕ್ಕ ಒಪ್ಪಲಿಲ್ಲ. ಫೋಟೊ ಕಿಟಕಿಯ ಹತ್ತಿರ, ಏಳೂವರೆಯ ಒಳಗೆ, ಟ್ಯೂಬ್‌ಲೈಟ್ ಹಾಕದೆ, ತಾನೊಬ್ಬಳೇ ಇರುವಾಗ ತೆಗೆಯಬೇಕು ಎಂದರು. ಬೆರೆಸಿದ ವಿಷಯವನ್ನು ಬಿಟ್ಟು ಬರೆಯಬಹುದು, ನೀವು ಹೇಳಿದರೆ ಬಿಡುತ್ತೇವೆ ಎಂದರೂ ಅವರು ಬೇಡವೆಂದು ತಲೆಯಾಡಿಸುತ್ತಾರೆ. ಕೈ ಮಾತ್ರ ನಿಂತಿಲ್ಲ. ಒಂದು ಎಡಕ್ಕೆ, ಮೂರು ಬಲಕ್ಕೆ.

“ಬರೀರಿ. ಹೊಟ್ಟೆಕಿಚ್ಚಿಗೆ ಮಾಡಿದ್ಲು ಅಂತಲೂ ಬರೀರಿ, ತೊಂದ್ರೆ ಇಲ್ಲ. ಆದರೆ ಇನ್ನೂರ ಹದಿನಾಲ್ಕು ಅಂತಲೇ ಬರೀಬೇಕು. ಸುಮಾರು ಇನ್ನೂರು ಅಂತ ಬರೀಬೇಡಿ.”