ಹನ್ನೊಂದು ತಿಂಗಳ ಬಡ್ಡಿ

ನನ್ನ ಭಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ಎರಡು ದೊಡ್ಡ ಅಂಗಡಿಗಳ ನಡುವೆ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು. ಅಷ್ಟೇ ಅವರ ಸಾಮ್ರಾಜ್ಯ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತರೆಂದರೆ ಪಕ್ಕದಲ್ಲಿ ಗೋಡೆ ಬಿದ್ದರೂ ತಿರುಗುತ್ತಿರಲಿಲ್ಲ. ಬೀದಿಯವರು ಅವರಿಗೆ ಮುಳ್ಳಪ್ಪ ಎಂದು ಹೆಸರಿಟ್ಟಿದ್ದರು. ಗಡಿಯಾರದ ಮುಳ್ಳು ಸರಿಮಾಡುವವರಲ್ಲವೇ!

ದುಡ್ಡಿನ ವಿಷಯದಲ್ಲಿ ಮಾತ್ರ ಅವರಷ್ಟು ಸಡಿಲ ಮನುಷ್ಯ ಇನ್ನೊಬ್ಬರಿರಲಿಲ್ಲ. ನಾಲ್ಕು ಕಾಸು ಕೈಗೆ ಬಂದರೆ ಅಕ್ಕನಿಗೊಂದು ಸೀರೆ, ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಚಹಾ. ನಾನು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ವರ್ಷವೇ ಅವರನ್ನು ಹಿಡಿದು ಕೂರಿಸಿದೆ. ಅವರಿಗೆ ಮಕ್ಕಳಿರಲಿಲ್ಲ. ಕೈ ನಡುಗತೊಡಗಿದರೆ ಆ ಕೆಲಸವೂ ಇರುವುದಿಲ್ಲ. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ ಭಾವ. ನಿಮ್ಮ ಹತ್ರ ಕುಡಿಕೆನೂ ಇಲ್ಲ," ಎಂದೆ. ಆ ಕಾಲಕ್ಕೆ ನನಗೆ ಬುದ್ಧಿ ಹೇಳುವುದೆಂದರೆ ಊಟಕ್ಕಿಂತ ರುಚಿ.

ಭಾವ ಕೇಳಿದರು. ಕೇಳಿದ್ದಷ್ಟೇ ಅಲ್ಲ, ನನ್ನನ್ನೇ ಮೀರಿಸಿದರು. ಚಹಾ ನಿಂತಿತು, ಬಸ್ಸು ನಿಂತಿತು, ಅಂಗಡಿಗೆ ನಡೆದೇ ಹೋಗತೊಡಗಿದರು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ ಕೂಡಿಸಿ ಐದು ವರ್ಷದ ಠೇವಣಿ ಇಟ್ಟರು. "ನಿಮ್ಮ ಭಾವನ ಅಂಗಿ ನೋಡೋ," ಎಂದು ಅಕ್ಕ ನಗುತ್ತಿದ್ದಳು, "ತೇಪೆ ಹಾಕೋಕೂ ಜಾಗ ಉಳಿದಿಲ್ಲ." ನನಗೆ ಹೆಮ್ಮೆ. ಬ್ಯಾಂಕಿಗೆ ಬಂದವರಿಗೆಲ್ಲ ಅವರದೇ ಉದಾಹರಣೆ ಕೊಡುತ್ತಿದ್ದೆ.

ನಾಲ್ಕನೆಯ ವರ್ಷ ಭಾವ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಊಟಕ್ಕೆ ಕೂತರೆ ಪಕ್ಕದ ಲೋಟ ಉರುಳುತ್ತಿತ್ತು. "ಕೂದಲೆಳೆಯಂಥ ಸ್ಪ್ರಿಂಗ್ ಕಾಣುತ್ತೆ, ಮಡಿಲ ಹತ್ರ ಇರೋ ಲೋಟ ಕಾಣಲ್ಲ ಇವರಿಗೆ," ಎಂದು ಅಕ್ಕ ಬೈಯುತ್ತಿದ್ದಳು. ನಾವೆಲ್ಲ ನಕ್ಕೆವು, ಭಾವನೂ ನಕ್ಕರು. ಅವರ ಕಣ್ಣಿನೊಳಗೆ ಒತ್ತಡ ಏರಿತ್ತು. ಆ ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದಂತೆ. ಭಾವನ ಕೆಲಸವೆಲ್ಲ ನಡುವಿನ ಕಾಸಿನಗಲದಲ್ಲೇ ನಡೆಯುವಂಥದ್ದು. ಸುತ್ತಲಿನ ಲೋಕ ಮುಚ್ಚಿಕೊಳ್ಳುತ್ತಿದ್ದರೂ ಗಡಿಯಾರ ಚೆನ್ನಾಗಿಯೇ ಕಾಣುತ್ತಿತ್ತು, ಹಾಗಾಗಿ ಅವರಿಗೆ ಬಹಳ ದಿನ ತಿಳಿಯಲೇ ಇಲ್ಲ.

ಒಂದು ದಿನ ಮಧ್ಯಾಹ್ನ ಅವರು ಬ್ಯಾಂಕಿಗೆ ಬಂದು ಸಾಲಿನಲ್ಲಿ ನಿಂತರು. ಸರದಿ ಬಂದಾಗ ಠೇವಣಿಯ ರಸೀದಿಯನ್ನು ಕಿಟಕಿಯೊಳಗೆ ತೂರಿಸಿದರು.

"ಇದನ್ನ ಈಗ್ಲೇ ಮುರಿಸಿದ್ರೆ ಎಷ್ಟು ಹೋಗುತ್ತಪ್ಪಾ?"

"ಯಾಕೆ ಭಾವ, ಮತ್ತೆ ಹಳೇ ಚಾಳಿ ಶುರುವಾಯ್ತಾ?" ಎಂದೆ. ಉತ್ತರಕ್ಕೆ ಕಾಯಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ ಅವರ ಕಡೆ ತಿರುಗಿಸಿದೆ. "ಮೂವತ್ತೊಂದು ಸಾವಿರ ಬಡ್ಡಿ ನೀರಲ್ಲಿ ಹೋಗುತ್ತೆ. ಇನ್ನು ಹನ್ನೊಂದೇ ತಿಂಗಳು. ದಡ ಹತ್ರ ಬಂದಾಗ ಯಾರಾದ್ರೂ ದೋಣಿಯಿಂದ ಹಾರ್ತಾರಾ?"

ಹಿಂದೆ ನಿಂತವರು ನಕ್ಕರು. ಭಾವ ಆ ಅಂಕಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಅದೂ ಸರಿನೇ," ಎಂದು ರಸೀದಿ ಮಡಚಿಕೊಂಡು ಹೊರಟರು. ಹೋಗುವಾಗ ಗಾಜಿನ ಬಾಗಿಲಿಗೆ ಹಣೆ ಬಡಿಸಿಕೊಂಡರು. ನಾನು ಮುಂದಿನವರ ಚೀಟಿ ತೆಗೆದುಕೊಂಡೆ.

ಠೇವಣಿ ಮುರಿಯದೆ ಅದರ ಮೇಲೆ ಸಾಲ ಕೊಡಬಹುದಿತ್ತು. ನಾನೇ ಅರ್ಜಿ ಬರೆದು ಸಂಜೆಯೊಳಗೆ ಹಣ ಕೈಗಿಡಬಹುದಿತ್ತು. ದುಡ್ಡು ಯಾಕೆ ಬೇಕು ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ತಾನೇ ಅದೆಲ್ಲ?

ಅವಧಿ ಮುಗಿದ ದಿನ ಭಾವ ಅಕ್ಕನ ತೋಳು ಹಿಡಿದುಕೊಂಡು ಬಂದರು. ಹಣವನ್ನು ಅಕ್ಕನ ಚೀಲಕ್ಕೆ ಹಾಕಿಸಿ, "ಕಣ್ಣಾಸ್ಪತ್ರೆಗೆ ಹೋಗೋಣ, ನೀನೂ ಬಾ," ಎಂದು ನನ್ನನ್ನು ಕರೆದರು. ಅಕ್ಕನಿಗೆ ಅದೇ ಬೆಳಿಗ್ಗೆ ಹೇಳಿದ್ದರಂತೆ, ಪೊರೆ ತೆಗೆಸಬೇಕು ಎಂದು.

ಡಾಕ್ಟರಮ್ಮ ಹಳೆಯ ಚೀಟಿ ಬಿಡಿಸಿ ನೋಡಿದರು. "ಹೋದ ವರ್ಷವೇ ಹೇಳಿದ್ದೆನಲ್ಲ, ಇದು ಪೊರೆ ಅಲ್ಲ, ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ತಕ್ಷಣ ಆಪರೇಷನ್ ಮಾಡಿಸಿ ಅಂತ?"

"ನೋವಿರಲಿಲ್ಲ," ಎಂದರು ಭಾವ.

ತಿಂಗಳಿಗೊಂದು ಸೀಸೆ ಹಾಕಬೇಕಾದ ಹನಿಮದ್ದನ್ನು ಅಕ್ಕನಿಗೆ ಕಾಣದಂತೆ ಅಂಗಡಿಯಲ್ಲಿಟ್ಟು, ಒಂದೇ ಸೀಸೆಯನ್ನು ಎರಡು ತಿಂಗಳು ಓಡಿಸಿದ್ದರು. ಉಳಿತಾಯ ಕಲಿಸಿದವನು ನಾನೇ. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ಮಬ್ಬು ಬೆಳಕಷ್ಟೇ ಉಳಿದಿತ್ತು, ಅದನ್ನಾದರೂ ಕಾಪಾಡಲು ಮರುದಿನವೇ ಆಪರೇಷನ್ ಎಂದರು. ಗಡಿಯಾರದ ಕೆಲಸ ಇನ್ನಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ನಡುವೆ ಕೂತಳು. ಮೊದಲು ಅಳಲಿಲ್ಲ, ಸಿಟ್ಟಾದಳು.

"ದುಡ್ಡು ಸಿಕ್ಕಿಕೊಂಡಿತ್ತು ಅಂತ ಕಣ್ಣು ಕಳ್ಕೋತಾರಾ ಯಾರಾದ್ರೂ? ನನಗೆ ಹೇಳ್ಬೇಡಿ, ಬೇಡ. ಇವನನ್ನ ಒಂದು ಮಾತು ಕೇಳ್ಬಾರದಿತ್ತಾ? ಬ್ಯಾಂಕಲ್ಲೇ ಕೂತಿರ್ತಾನೆ ನನ್ನ ತಮ್ಮ. ಕೇಳಿದ್ರೆ ಅವತ್ತೇ ಮುರಿಸಿ ಕೈಗೆ ಕೊಡ್ತಿದ್ದ."

ಭಾವ ನನ್ನ ಕಡೆ ಮುಖ ತಿರುಗಿಸಿದರು. ನನ್ನನ್ನು ನೋಡುತ್ತಿರುವುದಾಗಿ ಎಣಿಸಿ ಪಕ್ಕದ ಕಂಬವನ್ನು ನೋಡುತ್ತಿದ್ದರು.

"ಹೊಳೀಲಿಲ್ಲ ಕಣೇ," ಎಂದರು. "ಕೇಳ್ಬೇಕಿತ್ತು. ನನ್ನದೇ ತಪ್ಪು."

ಅಕ್ಕ ಆಗ ಅತ್ತಳು. ನನ್ನ ಕೈ ಹಿಡಿದುಕೊಂಡು, "ಇನ್ಮೇಲೆ ಎಲ್ಲ ನೀನೇ ನೋಡ್ಕೊಳ್ಳೋ," ಎಂದಳು. ನಾನು ಹೂಂ ಎಂದೆ.

ನೋಡಿಕೊಳ್ಳುತ್ತಿದ್ದೇನೆ. ಉಳಿದ ಹಣವನ್ನು ಎಲ್ಲಿಡಬೇಕು, ಎಷ್ಟು ತೆಗೆಯಬೇಕು, ಪ್ರತಿಯೊಂದಕ್ಕೂ ಅಕ್ಕ ನನ್ನನ್ನೇ ಕೇಳುತ್ತಾಳೆ. ಭಾವ ಪಕ್ಕದಲ್ಲೇ ಕೂತಿರುತ್ತಾರೆ. ನಾನು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಅವತ್ತು ಅವರು ನನ್ನನ್ನು ಕೇಳಿದ್ದರು ಎಂಬುದೊಂದನ್ನು ಮಾತ್ರ ಇನ್ನೂ ಹೇಳಿಲ್ಲ.